ಕಹಿ ಆಲೂಗಡ್ಡೆಯ ಬೆನ್ನು ಹತ್ತಿದ ವಾವಿಲೋವ್: ಹಸಿವಿನ ವಿರುದ್ಧ ಹೋರಾಡಿ ಹಸಿವಿನಿಂದಲೇ ಸತ್ತ ವಿಜ್ಞಾನಿ

ಜಗತ್ತಿನ ಹಸಿವು ನೀಗಿಸಲು ಬೀಜ ಹುಡುಕುತ್ತಾ ಊರೂರು ಅಲೆದ ವಿಜ್ಞಾನಿಯೊಬ್ಬರು ಜೈಲಿನಲ್ಲಿ ಅನ್ನವಿಲ್ಲದೆ ಸತ್ತರು. ಅವರು ಕಟ್ಟಿದ ಸಂಸ್ಥೆಯ ಸಿಬ್ಬಂದಿ ಬೀಜದ ಪೊಟ್ಟಣಗಳ ನಡುವೆಯೇ ಕುಳಿತು, ಅವನ್ನು ತಿನ್ನದೆ, ಉಪವಾಸದಲ್ಲಿ ಪ್ರಾಣ ಬಿಟ್ಟರು. ಇಂಥ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ಕಟ್ಟುಕಥೆ ಎಂದುಕೊಳ್ಳುವುದು ಸಹಜ. ಆದರೆ ಇದರ ತಿರುಳು ನಿಜ. ಆ ವಿಜ್ಞಾನಿಯ ಹೆಸರು ನಿಕೊಲಾಯ್ ವಾವಿಲೋವ್. ಅವರು ಹುಡುಕಿದ್ದು ಏನನ್ನು, ಅದಕ್ಕೂ ನಮ್ಮ ಅಡುಗೆಮನೆಯ ಆಲೂಗಡ್ಡೆಗೂ ಏನು ಸಂಬಂಧ? ಇದನ್ನು ತಿಳಿದರೆ ಮಾತ್ರ ಆ ಸಾವುಗಳ ಅರ್ಥ ಗೊತ್ತಾಗುತ್ತದೆ. ಹಾಗಾಗಿ ಅವರ ಬದುಕನ್ನು ಆಲೂಗಡ್ಡೆಯ ದಾರಿಯಲ್ಲೇ ನೋಡೋಣ.

ಒಂದೇ ತಳಿಯನ್ನು ನಂಬಿದ್ದಕ್ಕೆ ತೆತ್ತ ಬೆಲೆ

ಆಲೂಗಡ್ಡೆ, ಟೊಮೆಟೊ, ಬದನೆ ಒಂದೇ ಕುಟುಂಬದ ಗಿಡಗಳು. ನಮ್ಮ ಬೇಲಿಯಂಚಿನ ಗಣಿಕೆ ಸೊಪ್ಪು, ಸುಂಡೆಕಾಯಿ ಕೂಡ ಇವುಗಳ ಬಂಧುಗಳೇ. ಇವೆಲ್ಲ ಸೊಲಾನಮ್ ಎಂಬ ಕುಲಕ್ಕೆ ಸೇರಿದವು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. 16ನೇ ಶತಮಾನದಲ್ಲಿ ಸ್ಪೇನಿನವರ ಮೂಲಕ ಯುರೋಪಿಗೆ ಬಂದದ್ದು ಅಲ್ಲಿನ ಅಪಾರ ವೈವಿಧ್ಯದ ಒಂದು ಸಣ್ಣ ಪಾಲು ಮಾತ್ರ.

ಆಲೂಗಡ್ಡೆಯನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಯುವುದಿಲ್ಲ, ಗೆಡ್ಡೆಯ ತುಂಡು ನೆಟ್ಟು ಬೆಳೆಯುತ್ತೇವೆ. ಹಾಗಾಗಿ ಒಂದು ತಳಿಯ ಹೊಲವೆಂದರೆ ಒಂದೇ ಗಿಡದ ಸಾವಿರಾರು ಪ್ರತಿಗಳು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. ಐರ್ಲೆಂಡಿನಲ್ಲಿ ಆದದ್ದು ಇದೇ. ಅಲ್ಲಿನ ಬಡವರು ಹೆಚ್ಚಾಗಿ ಲಂಪರ್ ಎಂಬ ಒಂದೇ ತಳಿಯನ್ನು ನಂಬಿದ್ದರು. 1845ರಲ್ಲಿ ಅಂಗಮಾರಿ ರೋಗ ಬಂತು. ಹಸಿರು ಹೊಲಗಳು ಕೆಲವೇ ದಿನಗಳಲ್ಲಿ ಕಪ್ಪಾಗಿ ಕೊಳೆತವು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು.

ಬರಗಾಲ ಕಂಡ ದೇಶದ ಹುಡುಗ

ವಾವಿಲೋವ್ ಹುಟ್ಟಿದ್ದು 1887ರ ನವೆಂಬರ್ 25ರಂದು, ಮಾಸ್ಕೋದಲ್ಲಿ. ತಂದೆ ರೈತ ಕುಟುಂಬದಿಂದ ಬಂದು ವ್ಯಾಪಾರದಲ್ಲಿ ಮೇಲೆ ಬಂದವರು. ತಮ್ಮ ಸೆರ್ಗೆಯ್ ಮುಂದೆ ದೊಡ್ಡ ಭೌತವಿಜ್ಞಾನಿಯಾದರು. ನಿಕೊಲಾಯ್ ಆರಿಸಿಕೊಂಡದ್ದು ಕೃಷಿಯನ್ನು. ಅವರ ಬಾಲ್ಯದಲ್ಲೇ, 1891-92ರಲ್ಲಿ, ರಷ್ಯಾದಲ್ಲಿ ದೊಡ್ಡ ಕ್ಷಾಮ ಬಂದಿತ್ತು. 1921-22ರಲ್ಲಿ ಅದಕ್ಕಿಂತಲೂ ಭೀಕರವಾದ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು.

ಮಾಸ್ಕೋದಲ್ಲಿ ಕೃಷಿ ಶಿಕ್ಷಣ ಮುಗಿಸಿದ ವಾವಿಲೋವ್ 1913ರಲ್ಲಿ ಬ್ರಿಟನ್‌ಗೆ ಹೋದರು. ಅಲ್ಲಿ ತಳಿವಿಜ್ಞಾನದ ಆರಂಭದ ದಿಗ್ಗಜ ವಿಲಿಯಂ ಬೇಟ್ಸನ್ ಅವರ ಬಳಿ ಕಲಿತರು. ಒಂದೇ ಹೊಲದಲ್ಲಿ, ಒಂದೇ ರೋಗಕ್ಕೆ ಒಂದು ಗಿಡ ಸಾಯುತ್ತದೆ, ಪಕ್ಕದ್ದು ಬದುಕುತ್ತದೆ. ಏಕೆ? ಈ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಗೋಧಿಯಂಥ ಬೆಳೆಗಳ ರೋಗ ನಿರೋಧಕ ಶಕ್ತಿಯನ್ನು ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಆ ಶಕ್ತಿ ಗಿಡದ ವಂಶದಲ್ಲೇ ಹರಿದು ಬರುತ್ತದೆ. ಹಾಗಾದರೆ ಅದನ್ನು ಹುಡುಕಿ ತರಬಹುದು, ನಮ್ಮ ಬೆಳೆಗೆ ಸೇರಿಸಬಹುದು. ಅವರ ಮುಂದಿನ ಕೆಲಸವೆಲ್ಲ ಈ ತಿಳಿವಿನ ಮೇಲೆ ನಿಂತಿತು.

ಹುಡುಕುವುದು ಎಲ್ಲಿ? ಬೆಳೆ ಹುಟ್ಟಿದ ತವರಿನಲ್ಲಿ ಎಂಬುದು ವಾವಿಲೋವ್ ಕೊಟ್ಟ ಉತ್ತರ. ಒಂದು ಬೆಳೆಯ ಅತಿ ಹೆಚ್ಚು ಬಗೆಗಳು ಎಲ್ಲಿ ಕಾಣುತ್ತವೆಯೋ ಅದೇ ಅದರ ತವರು ಇರಬೇಕು ಎಂದು ವಾದಿಸಿ 1926ರಲ್ಲಿ ಅವರು ಬೆಳೆಗಳ ಮೂಲ ಕೇಂದ್ರಗಳ ಕುರಿತ ಪುಸ್ತಕ ಪ್ರಕಟಿಸಿದರು. ಅದರ ಕೆಲವು ಅಂಶಗಳನ್ನು ನಂತರದ ವಿಜ್ಞಾನಿಗಳು ತಿದ್ದಿದ್ದಾರೆ. ಆದರೂ ಆ ನಕ್ಷೆ ಇಂದಿಗೂ ಬಳಕೆಯಲ್ಲಿದೆ.

ಆಂಡಿಸ್‌ನಲ್ಲಿ ಸಿಕ್ಕ ಹೊಸ ಲೋಕ

1920ರ ದಶಕದಲ್ಲಿ ವಾವಿಲೋವ್ ಲೆನಿನ್‌ಗ್ರಾಡ್‌ನಲ್ಲಿದ್ದ ಸಸ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದರು. 1925ರಿಂದ ಅವರು ತಮ್ಮ ಸಹೋದ್ಯೋಗಿಗಳಾದ ಸೆರ್ಗೆಯ್ ಬುಕಾಸೊವ್ ಮತ್ತು ಸೆರ್ಗೆಯ್ ಯುಜೆಪ್‌ಚುಕ್ ಅವರನ್ನು ಲ್ಯಾಟಿನ್ ಅಮೆರಿಕಕ್ಕೆ ಕಳಿಸಿದರು. ಅವರ ತಂಡ ಮೆಕ್ಸಿಕೊದಿಂದ ಪೆರು, ಬೊಲಿವಿಯಾ, ಚಿಲಿಯವರೆಗೆ ಆಲೂಗಡ್ಡೆಯ ಬೆನ್ನು ಹತ್ತಿತು.

ಆಗ ಯುರೋಪಿನ ಬಹುತೇಕ ವಿಜ್ಞಾನಿಗಳ ಪಾಲಿಗೆ ಕೃಷಿಯ ಆಲೂಗಡ್ಡೆ ಎಂದರೆ ಒಂದೇ ಪ್ರಭೇದ. ಆಂಡಿಸ್‌ನ ಸಂತೆಗಳಲ್ಲಿ ಕಂಡದ್ದು ಬೇರೆಯೇ. ನೇರಳೆ, ಕೆಂಪು, ಹಳದಿ ಗೆಡ್ಡೆಗಳು. ಉದ್ದನೆಯವು, ತಿರುಚಿಕೊಂಡವು, ಕಹಿಯಾದವು. ಹಿಮ ಬೀಳುವ ಎತ್ತರದಲ್ಲೂ ಬದುಕುವ ಕಹಿ ಆಲೂಗಡ್ಡೆಯನ್ನು ಅಲ್ಲಿನ ರೈತರು ರಾತ್ರಿಯ ಮಂಜಿಗೆ ಹರವಿ, ಹಗಲಿನ ಬಿಸಿಲಿಗೆ ಒಣಗಿಸಿ, ಕಾಲಿನಿಂದ ತುಳಿದು ನೀರು ತೆಗೆದು ಚುನ್ಯೊ ಎಂಬ ಒಣ ಆಹಾರ ಮಾಡುತ್ತಿದ್ದರು. ಕಹಿ ಹೋಗುತ್ತಿತ್ತು, ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ವಿಜ್ಞಾನಕ್ಕೆ ಹೊಸದಾದದ್ದು ಆ ರೈತರಿಗೆ ಹೊಸದಲ್ಲ ಎಂಬುದನ್ನು ನಾವು ಮರೆಯಬಾರದು.

ಹೊಲದ ಬದಿಯಲ್ಲಿ, ಬೆಟ್ಟದ ಇಳಿಜಾರಿನಲ್ಲಿ ಕಾಡು ಆಲೂಗಡ್ಡೆಗಳೂ ಸಿಕ್ಕವು. ಇವುಗಳ ಗೆಡ್ಡೆ ಬಹುಪಾಲು ಚಿಕ್ಕದು, ಕಹಿ, ಹಲವು ವಿಷಕಾರಿ. ತಟ್ಟೆಯ ಲೆಕ್ಕದಲ್ಲಿ ಇವು ಕಳೆ. ವಾವಿಲೋವ್ ಅವರ ಲೆಕ್ಕದಲ್ಲಿ ಇವೇ ಸಂಪತ್ತು. ಮನುಷ್ಯ ರುಚಿ ಮತ್ತು ಗಾತ್ರಕ್ಕಾಗಿ ಆರಿಸುತ್ತಾ ಬಂದಾಗ ಬೆಳೆ ಕಳೆದುಕೊಂಡ ಗುಣಗಳು ಕಾಡು ಗಿಡಗಳಲ್ಲಿ ಉಳಿದಿರುತ್ತವೆ. ಮೆಕ್ಸಿಕೊದ ಎತ್ತರದ ಪ್ರದೇಶದ ಸೊಲಾನಮ್ ಡೆಮಿಸಮ್ ಎಂಬ ಕಾಡು ಆಲೂಗಡ್ಡೆ ಇದಕ್ಕೆ ಒಳ್ಳೆಯ ಉದಾಹರಣೆ. ಐರ್ಲೆಂಡನ್ನು ಹಾಳು ಮಾಡಿದ ಅಂಗಮಾರಿಯನ್ನು ಅದು ತಡೆದುಕೊಳ್ಳುತ್ತದೆ.

ಇಲ್ಲಿ ಒಂದು ಸ್ಪಷ್ಟನೆ. ಆ ಗಿಡವನ್ನು ವಾವಿಲೋವ್ ಕಂಡುಹಿಡಿಯಲಿಲ್ಲ. ಅದಕ್ಕೆ 19ನೇ ಶತಮಾನದಲ್ಲೇ ಹೆಸರಿಡಲಾಗಿತ್ತು. ಅವರ ತಂಡದ ಹೆಚ್ಚುಗಾರಿಕೆ ಬೇರೆ. ಅವರು ಕಾಡು ಮತ್ತು ನಾಟಿ ಆಲೂಗಡ್ಡೆಗಳನ್ನು ಯೋಜನೆ ಹಾಕಿ ಹುಡುಕಿದರು, ಎಲ್ಲಿ ಸಿಕ್ಕಿತೆಂದು ದಾಖಲಿಸಿದರು, ಗೆಡ್ಡೆ ಮತ್ತು ಬೀಜ ತಂದು ಬೆಳೆಸಿದರು, ಸಂಕರ ಮಾಡಿದರು. ನಂತರ ವಾವಿಲೋವ್ ತಾವೇ 1930ರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾಗಳಿಗೂ, 1932-33ರಲ್ಲಿ ಪೆರು, ಬೊಲಿವಿಯಾ ಮೊದಲಾದ ದೇಶಗಳಿಗೂ ಹೋಗಿ ಆಲೂಗಡ್ಡೆಯ ತವರನ್ನು ಕಣ್ಣಾರೆ ಕಂಡರು. ಇದನ್ನು ನೋಡಿ ಜರ್ಮನಿ, ಅಮೆರಿಕಗಳೂ ಅದೇ ದಾರಿ ಹಿಡಿದವು. 1938ರಲ್ಲಿ ಬ್ರಿಟನ್ನಿನ ಯುವ ಸಸ್ಯವಿಜ್ಞಾನಿ ಜ್ಯಾಕ್ ಹಾಕ್ಸ್ ಲೆನಿನ್‌ಗ್ರಾಡ್‌ಗೆ ಬಂದು ವಾವಿಲೋವ್ ಅವರನ್ನು ಕಂಡರು. ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೊರಟ ಬ್ರಿಟಿಷ್ ತಂಡದಲ್ಲಿ ಅವರಿದ್ದರು.

ಸುಳ್ಳು ವಿಜ್ಞಾನ ಗೆದ್ದಾಗ

ಹೊಸ ತಳಿ ಬರಲು 10-12 ವರ್ಷ ಬೇಕು. ಸ್ಟಾಲಿನ್ ಸರ್ಕಾರಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಆಗ ಬಂದವರು ಟ್ರೋಫಿಮ್ ಲೈಸೆಂಕೊ. ಜೀನ್ ಎಂಬುದನ್ನೇ ಅವರು ಒಪ್ಪಲಿಲ್ಲ. ವಾತಾವರಣ ಬದಲಿಸಿದರೆ ಗಿಡದ ವಂಶಗುಣವೂ ಬದಲಾಗುತ್ತದೆ, ಬೇಗ ಇಳುವರಿ ಹೆಚ್ಚುತ್ತದೆ ಎಂದರು. ಸರಿಯಾದ ಪ್ರಯೋಗ, ಪುರಾವೆ ಇರಲಿಲ್ಲ. ಆದರೆ ಅಧಿಕಾರದಲ್ಲಿದ್ದವರು ಕೇಳಬಯಸಿದ ಮಾತು ಅದೇ ಆಗಿತ್ತು. ಸೋವಿಯತ್ ಕೃಷಿ ಅಕಾಡೆಮಿಯ ಮೊದಲ ಅಧ್ಯಕ್ಷರು ವಾವಿಲೋವ್. 1938ರಲ್ಲಿ ಆ ಕುರ್ಚಿಯಲ್ಲಿ ಲೈಸೆಂಕೊ ಕುಳಿತರು.

ವಾವಿಲೋವ್ ತಮ್ಮ ನಿಲುವು ಬಿಡಲಿಲ್ಲ. 1940ರ ಆಗಸ್ಟ್ 6ರಂದು, ಪಶ್ಚಿಮ ಉಕ್ರೇನಿನಲ್ಲಿ ಗಿಡ ಸಂಗ್ರಹಿಸುತ್ತಿದ್ದಾಗಲೇ ಅವರನ್ನು ಬಂಧಿಸಲಾಯಿತು. ಬೇಹುಗಾರಿಕೆ, ಕೃಷಿಯನ್ನು ಹಾಳುಗೆಡವಿದ ಸುಳ್ಳು ಆರೋಪ ಹೊರಿಸಿ 1941ರ ಜುಲೈನಲ್ಲಿ ಮರಣದಂಡನೆ ವಿಧಿಸಿದರು. ಆಮೇಲೆ ಅದನ್ನು 20 ವರ್ಷಗಳ ಸೆರೆಗೆ ಇಳಿಸಿದರು. ಆದರೆ ಸರಿಯಾದ ಆಹಾರವಿಲ್ಲದೆ ಬಳಲಿ 1943ರ ಜನವರಿ 26ರಂದು ಸರಾತೋವ್ ಜೈಲಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 55 ವರ್ಷ. ಕಾಲು ಶತಮಾನದ ಹಿಂದೆ ಅದೇ ಊರಿನಲ್ಲಿ ಅವರು ಪ್ರಾಧ್ಯಾಪಕರಾಗಿದ್ದರು. 1955ರಲ್ಲಿ ಸೋವಿಯತ್ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು.

ಮುತ್ತಿಗೆಯಲ್ಲಿ ಉಳಿದ ಗೆಡ್ಡೆಗಳು

ಅವರು ಜೈಲಿನಲ್ಲಿದ್ದಾಗ ಜರ್ಮನ್ ಸೇನೆ ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಹಾಕಿತು. 1941ರ ಸೆಪ್ಟೆಂಬರ್‌ನಿಂದ 1944ರ ಜನವರಿಯವರೆಗೆ ನಗರ ಹಸಿವಿನಲ್ಲಿ ನರಳಿತು. ಸಂಸ್ಥೆಯಲ್ಲಿ ಸುಮಾರು ಎರಡೂವರೆ ಲಕ್ಷ ಮಾದರಿಗಳ ಸಂಗ್ರಹವಿತ್ತು. ಕಾಳು, ಬೀಜಗಳನ್ನು ಒಣಗಿಸಿ ಇಡಬಹುದು. ಗೆಡ್ಡೆಗಳು ಹಾಗಲ್ಲ, ಚಳಿಗೆ ಹೆಪ್ಪುಗಟ್ಟಿದರೆ ಸತ್ತವು. ಅಬ್ರಹಾಂ ಕಾಮೆರಾಜ್, ಓಲ್ಗಾ ವೊಸ್ಕ್ರೆಸೆನ್‌ಸ್ಕಯಾ ಎಂಬ ವಿಜ್ಞಾನಿಗಳು ಶೆಲ್ ದಾಳಿಯ ನಡುವೆಯೇ ಊರಾಚೆಯ ಪಾವ್ಲೊವ್‌ಸ್ಕ್ ಹೊಲದಿಂದ ಆಲೂಗಡ್ಡೆ ಅಗೆದು ನಗರಕ್ಕೆ ತಂದರು. ಅವನ್ನು ನೆಲಮಾಳಿಗೆಯಲ್ಲಿಟ್ಟು, ಸಿಕ್ಕ ಕಟ್ಟಿಗೆ ಸುಟ್ಟು ಬೆಚ್ಚಗಿಟ್ಟು, ಇಲಿಗಳಿಂದ ಕಾದು, ವಸಂತ ಬಂದಾಗ ಮತ್ತೆ ನೆಟ್ಟರು. ಭತ್ತದ ಸಂಗ್ರಹ ನೋಡಿಕೊಳ್ಳುತ್ತಿದ್ದ ದಿಮಿತ್ರಿ ಇವಾನೊವ್ ಸೇರಿದಂತೆ ಹಲವು ಸಿಬ್ಬಂದಿ ಹಸಿವಿನಿಂದ ಸತ್ತರು.

ಅವರು ಕಾದದ್ದು ಬರೀ ತಿನ್ನುವ ವಸ್ತುವಾಗಿದ್ದರೆ ಅದು ಹುಚ್ಚುತನವಾಗುತ್ತಿತ್ತು. ಅಲ್ಲಿದ್ದದ್ದು ಒಮ್ಮೆ ಕಳೆದುಕೊಂಡರೆ ಎಷ್ಟು ಹಣ ಕೊಟ್ಟರೂ ಸಿಗದ ಗುಣಗಳು.

ಹಾಸನದವರೆಗೆ ಬಂದ ಕಾಡು ಗಿಡ

ಆ ಗುಣಗಳು ಮುಂದೆ ನಮ್ಮ ಹೊಲಗಳಿಗೂ ಬಂದವು. ಭಾರತದಲ್ಲಿ ಅಂಗಮಾರಿ ತಡೆಯುವ ಆಲೂಗಡ್ಡೆ ತಳಿಗಳನ್ನು ರೂಪಿಸುವಾಗಲೂ ಮೆಕ್ಸಿಕೊದ ಡೆಮಿಸಮ್ ಗಿಡದ ವಂಶವನ್ನು ಬಳಸಲಾಯಿತು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ, ಅಂಗಮಾರಿ ತಡೆಯುತ್ತದೆಂದೇ ಹೆಸರಾಯಿತು. ಹಾಸನ ಸೀಮೆಯ ರೈತರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಆದರೆ ಕಾಲ ಕಳೆದಂತೆ ರೋಗಾಣು ರೂಪ ಬದಲಿಸಿತು, ಜ್ಯೋತಿಯ ತಡೆಯುವ ಶಕ್ತಿ ಕುಂದಿತು. ಮಳೆ, ಮೋಡದ ವಾತಾವರಣ ಬಂದರೆ ಹಾಸನದ ಹೊಲಗಳಲ್ಲಿ ಅಂಗಮಾರಿಯ ಭಯ ಈಗಲೂ ಇದೆ. ಅದಕ್ಕೇ ಕಾಡು ಆಲೂಗಡ್ಡೆಯ ಹುಡುಕಾಟ ಮುಗಿದಿಲ್ಲ. ಇಂದಿನ ಲೆಕ್ಕದಲ್ಲಿ ಸುಮಾರು 107 ಕಾಡು ಪ್ರಭೇದಗಳಿವೆ.

ನೆನಪಿಡಬೇಕಾದದ್ದು

• ಆಲೂಗಡ್ಡೆ ಭಾರತದ ಮೂಲದ್ದಲ್ಲ. ಅದರ ತವರು ಆಂಡಿಸ್.

• ಕಾಡು ಗಿಡದಲ್ಲಿ ಒಳ್ಳೆಯ ಗುಣವಿದೆ ಎಂದರೆ ಅದನ್ನು ತಿನ್ನಬಹುದು ಎಂದಲ್ಲ. ಕಾಡು ಆಲೂಗಡ್ಡೆಯನ್ನು ವಿಜ್ಞಾನಿಗಳು ತಂದದ್ದು ಸಂಕರಕ್ಕೆ, ಸಾರಿಗೆ ಅಲ್ಲ. ಮನೆಯ ಆಲೂಗಡ್ಡೆ ಹಸಿರಾಗಿ ಕಹಿಯಾಗಿದ್ದರೂ ಎಸೆಯಿರಿ. ಅದರಲ್ಲಿ ಸೋಲನಿನ್ ಎಂಬ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

• ಬೀಜ ಕಾದವರ ಸಾವು ನಿಜ. ಆದರೆ ಆ ಕಥೆಯನ್ನು ಬರೀ ಕಣ್ಣೀರಿನ ಕಥೆಯಾಗಿ ಹಂಚಬೇಡಿ. ವಾವಿಲೋವ್ ಅವರನ್ನು ಕೊಂದದ್ದು ಹಸಿವು ಮಾತ್ರವಲ್ಲ. ಪುರಾವೆಯಿಲ್ಲದ ಮಾತನ್ನು ವಿಜ್ಞಾನವೆಂದು ನಂಬಿ, ಪುರಾವೆ ಕೇಳಿದವರನ್ನು ಶತ್ರುವೆಂದು ಕಂಡ ವ್ಯವಸ್ಥೆ ಅವರನ್ನು ಕೊಂದಿತು. ಮುಂದಿನ ಫಾರ್ವರ್ಡ್ ಒತ್ತುವ ಮುನ್ನ ಪುರಾವೆ ಎಲ್ಲಿದೆ ಎಂದು ಒಮ್ಮೆ ಕೇಳಿಕೊಳ್ಳಿ.