ಕಬ್ಬಿನ ತಳಿ ವಿಜ್ಞಾನಿ ಸರ್ ಟಿ. ಎಸ್. ವೆಂಕಟರಾಮನ್

ವಿಜಯಪುರ ನಗರದಿಂದ ತಿಕೋಟಾ ಅಥವಾ ಬಬಲೇಶ್ವರದ ಕಡೆಗೆ ಸಾಗುವವರಿಗೆ ಬಿಳಿಜೋಳದ ಎರೆಹೊಲ ಮತ್ತು ದ್ರಾಕ್ಷಿ ತೋಟಗಳ ನಡುವೆ, ನೀರು ಒದಗಿದೆಡೆ ಕಬ್ಬಿನ ಹೊಲಗಳೂ ಕಾಣುತ್ತವೆ. ಅಲ್ಲಿನ ತಳಿ ಯಾವುದೆಂದು ವಿಚಾರಿಸಿದರೆ ಅನೇಕ ರೈತರಿಂದ ಬರುವ ಉತ್ತರ ಕೋ 86032. ಈ ಹೆಸರಿನ ಮೊದಲಲ್ಲಿರುವ 'ಕೋ' ಕೊಯಮತ್ತೂರಿನ ಗುರುತು. ಆ ಗುರುತನ್ನು ದೇಶದ ಕಬ್ಬು ಬೆಳೆಗಾರರ ಮನೆಮಾತಾಗಿಸಿದವರು ಸಸ್ಯವಿಜ್ಞಾನಿ ತಿರುವಡಿ ಸಾಂಬಶಿವ ವೆಂಕಟರಾಮನ್ (1884–1963).

ರೋಗದಿಂದ ಆರಂಭವಾದ ಸಂಶೋಧನೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋದಾವರಿ ನದೀಮುಖಜ ಪ್ರದೇಶದ ಕಬ್ಬು ಕೆಂಪು ಕೊಳೆ ರೋಗಕ್ಕೆ ತುತ್ತಾಯಿತು. ಶಿಲೀಂಧ್ರದಿಂದ ಬರುವ ಈ ರೋಗದಲ್ಲಿ ಗಣಿಕೆಯ ಒಳಭಾಗ ಕೆಂಪಾಗಿ ಕೊಳೆಯುತ್ತದೆ, ರಸ ಕೆಡುತ್ತದೆ. ಮದರಾಸು ಪ್ರಾಂತ್ಯದ ಸಸ್ಯವಿಜ್ಞಾನಿ ಸಿ. ಎ. ಬಾರ್ಬರ್ ಈ ಹಾನಿಯನ್ನು ಪರಿಶೀಲಿಸಿದರು. ಆ ಕಾಲದಲ್ಲಿ ಭಾರತವು ಜಾವಾ ದ್ವೀಪದಿಂದ ಅಪಾರ ಪ್ರಮಾಣದ ಸಕ್ಕರೆಯನ್ನು ತರಿಸಿಕೊಳ್ಳುತ್ತಿತ್ತು. ನಮ್ಮದೇ ಉತ್ತಮ ತಳಿಗಳು ಬೇಕೆಂಬ ಉದ್ದೇಶದಿಂದ 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಅಭಿವೃದ್ಧಿ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿ ಕಬ್ಬು ಚೆನ್ನಾಗಿ ಸೂಲಂಗಿ ಬಿಡುತ್ತದೆ, ಬೀಜವೂ ಮೊಳೆಯುತ್ತದೆ. ಆದ್ದರಿಂದಲೇ ಆ ಸ್ಥಳದ ಆಯ್ಕೆ. ಬಾರ್ಬರ್ ಅದರ ಮುಖ್ಯಸ್ಥರಾದರು. ವೆಂಕಟರಾಮನ್ ಅವರ ಸಹಾಯಕರಾಗಿ ಸೇರಿದರು.

ಕಾಡುಹುಲ್ಲಿನ ನೆರವು

ದಪ್ಪ ಗಣಿಕೆಯ ಕಬ್ಬು ಸಿಹಿಯಾದರೂ ಚಳಿ, ಬರ ಮತ್ತು ರೋಗಗಳನ್ನು ತಾಳಲಾರದು. ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡು ಕಬ್ಬಿನಲ್ಲಿ ಸಿಹಿ ಅತ್ಯಲ್ಪ. ಆದರೆ ಅದು ಗಟ್ಟಿ ಪ್ರಾಣಿ ಎಂಬಂತೆ ಎಲ್ಲವನ್ನೂ ಸಹಿಸಿ, ಮತ್ತೆ ಮತ್ತೆ ಮರಿ ಒಡೆಯುತ್ತದೆ. ವೆಳ್ಳೈ ಎಂಬ ದಪ್ಪ ಕಬ್ಬಿಗೂ ಈ ಕಾಡು ಕಬ್ಬಿಗೂ ಸಂಕರಣ ನಡೆಸಿದಾಗ ದೊರೆತ ಸಂತತಿಯಿಂದ ಕೋ 205 ಹೊರಬಂದಿತು. 1918ರಲ್ಲಿ ಬಿಡುಗಡೆಯಾದ ಈ ತಳಿ ಪಂಜಾಬಿನ ಹೊಲಗಳಲ್ಲಿ ಸ್ಥಳೀಯ ಕಬ್ಬನ್ನು ಹಿಂದಿಕ್ಕಿತು. 1919ರಲ್ಲಿ ಬಾರ್ಬರ್ ತಾಯ್ನಾಡಿಗೆ ಮರಳಿದ ಬಳಿಕ ಕೇಂದ್ರದ ಹೊಣೆ ವೆಂಕಟರಾಮನ್ ಅವರಿಗೆ ಬಂದಿತು. 1942ರವರೆಗೂ ಅವರು ಅದನ್ನು ನಿರ್ವಹಿಸಿದರು. ಅವರ ಅವಧಿಯಲ್ಲಿಯೇ ಜಾವಾದ ಪಿಒಜೆ 2878 ಮತ್ತು ಕೊಯಮತ್ತೂರಿನ ಕೋ 290 ತಳಿಗಳ ಸಂಕರಣದಿಂದ ಪ್ರಸಿದ್ಧ ಕೋ 419 ರೂಪುಗೊಂಡಿತು. ದಕ್ಷಿಣ ಭಾರತದ ರೈತರು ಅದನ್ನು ದಶಕಗಳ ಕಾಲ ಬೆಳೆದರು.

ನಮ್ಮ ಜೋಳದ ನಾಡಿಗೆ ವಿಶೇಷವೆನಿಸುವ ಸಂಗತಿಯೊಂದುಂಟು. ಕಬ್ಬು ಪಕ್ವವಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಜೋಳಕ್ಕೆ ನಾಲ್ಕೈದು ತಿಂಗಳು ಸಾಕು. ಬೇಗ ಮಾಗುವ ಕಬ್ಬನ್ನು ಪಡೆಯಲು ವೆಂಕಟರಾಮನ್ ಕಬ್ಬಿಗೂ ಜೋಳಕ್ಕೂ ಸಂಕರಣ ಮಾಡಿದರು. ಬಿದಿರಿನೊಡನೆಯೂ ಪ್ರಯೋಗ ನಡೆಯಿತು. ಈ ಸಂಕರಗಳಿಂದ ರೈತರ ಹೊಲದಲ್ಲಿ ನೆಲೆನಿಂತ ತಳಿ ಬರಲಿಲ್ಲವಾದರೂ, ದೂರದ ಸಸ್ಯಬಂಧುಗಳ ಗುಣವನ್ನೂ ಬೆಳೆಗೆ ತರಬಹುದೆಂಬ ದಾರಿ ತೆರೆಯಿತು. ಇದೇ ಕೇಂದ್ರದಲ್ಲಿ ಇ. ಕೆ. ಜಾನಕಿ ಅಮ್ಮಾಳ್ ಕಬ್ಬಿನ ವರ್ಣತಂತುಗಳನ್ನು ಅಧ್ಯಯನ ಮಾಡಿದರು.

ಸೋಲು ಕಲಿಸಿದ ಪಾಠ

1930ರ ದಶಕದ ಕೊನೆಯಲ್ಲಿ ಬಿಹಾರ ಮತ್ತು ಇಂದಿನ ಉತ್ತರ ಪ್ರದೇಶದ ಪೂರ್ವಭಾಗದಲ್ಲಿ ಬಹು ವಿಸ್ತಾರವಾಗಿ ಹಬ್ಬಿದ್ದ ಕೋ 213 ತಳಿ ಕೆಂಪು ಕೊಳೆ ರೋಗಕ್ಕೆ ಬಲಿಯಾಯಿತು. ಒಂದೇ ತಳಿಯನ್ನು ನೆಚ್ಚಿದ್ದ ಪ್ರದೇಶಕ್ಕೆ ಭಾರಿ ನಷ್ಟವಾಯಿತು. ರೋಗಾಣುವೂ ಬದಲಾಗುತ್ತದೆ, ಇಂದು ನಿರೋಧಕವಾದ ತಳಿ ನಾಳೆ ಸೋಲಬಹುದು. ಆದ್ದರಿಂದ ತಳಿ ಸೃಷ್ಟಿ ಎಂದೂ ಮುಗಿಯದ ಕಾಯಕ.

1937ರಲ್ಲಿ ಹೈದರಾಬಾದಿನ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗ ವೆಂಕಟರಾಮನ್ ತಮ್ಮ ಭಾಷಣಕ್ಕೆ ಆರಿಸಿಕೊಂಡ ವಿಷಯ ಭಾರತದ ಹಳ್ಳಿ. ಬ್ರಿಟಿಷ್ ಸರ್ಕಾರ ಅವರಿಗೆ 'ಸರ್' ಪದವಿಯನ್ನೂ, ಸ್ವತಂತ್ರ ಭಾರತ 1956ರಲ್ಲಿ ಪದ್ಮಭೂಷಣವನ್ನೂ ನೀಡಿ ಗೌರವಿಸಿದವು. 1963ರಲ್ಲಿ ಅವರು ನಿಧನರಾದರು.

ಇಂದಿನ ರೈತರಿಗೆ

ಕೋ 86032 ತಳಿ 2000ರಲ್ಲಿ ಬಿಡುಗಡೆಯಾಯಿತು. ಇಷ್ಟು ಕಾಲ ಒಂದೇ ತಳಿಯನ್ನು ಬೆಳೆಯುವಾಗ ಬೀಜದ ಆರೋಗ್ಯವೇ ರೈತ ಬಾಂಧವರ ಕೈಯಲ್ಲಿರುವ ಮುಖ್ಯ ರಕ್ಷಣೆ. ಕೆಂಪು ಕೊಳೆ, ಕಾಡಿಗೆ ಮತ್ತು ಹಳದಿ ಎಲೆ ರೋಗಗಳು ಬಿತ್ತನೆ ತುಂಡಿನ ಮೂಲಕವೇ ಹೊಸ ಹೊಲವನ್ನು ಸೇರುತ್ತವೆ. ಕಾರ್ಖಾನೆಗೆ ಕಳಿಸುವ ಕಬ್ಬಿನಿಂದ ಬೀಜ ಆಯ್ದುಕೊಳ್ಳದೆ, ಪ್ರತ್ಯೇಕ ಬೀಜದ ತಾಕಿನ ಎಂಟು–ಹತ್ತು ತಿಂಗಳ ಕಬ್ಬನ್ನು ಅಥವಾ ಅಂಗಾಂಶ ಕೃಷಿಯ ಸಸಿಗಳಿಂದ ಬೆಳೆಸಿದ ಬೀಜವನ್ನು ಬಳಸಬೇಕು. ಕಾಡಿಗೆ ಕಂಡ ಬುಡವನ್ನು ಚೀಲದಿಂದ ಮುಚ್ಚಿ ಕಿತ್ತು ಸುಡಬೇಕು. ರೋಗ ತಗುಲಿದ ಹೊಲದಲ್ಲಿ ಕೂಳೆ ಬಿಡಬಾರದು. ಶಿಫಾರಸಾದ ಬೇರೆ ತಳಿಯನ್ನೂ ಸ್ವಲ್ಪ ಭಾಗದಲ್ಲಿ ಬೆಳೆಯುವುದು ಒಳಿತು. ಕೋ 213ರ ಕಥೆ ನಮ್ಮ ಹೊಲಗಳಲ್ಲಿ ಮರುಕಳಿಸದಿರಲು ಈ ಎಚ್ಚರ ಅಗತ್ಯ.