ನಟಸಾಮ್ರಾಟ ಬಾಲಗಂಧರ್ವರ ಏಳುಬೀಳು

ಮರಾಠಿ ರಂಗಭೂಮಿಯ ಇತಿಹಾಸದಲ್ಲಿ ಬಾಲಗಂಧರ್ವರಷ್ಟು ಜನಪ್ರೀತಿ ಗಳಿಸಿದ ನಟರು ವಿರಳ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಾದ ನಮಗೆ ಅವರು ಪರಕೀಯರಲ್ಲ. ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರು ಕಟ್ಟಿದ ನಾಟಕ ಮಂಡಳಿಯಲ್ಲಿಯೇ ಬಾಲಗಂಧರ್ವರು ಬೆಳಕಿಗೆ ಬಂದರು. ಈ ಮಹಾನಟನನ್ನು ಜನರು ಹೇಗೆ ತಲೆಯ ಮೇಲೆ ಹೊತ್ತು ಮೆರೆಸಿದರು, ಮುಂದೆ ಹೇಗೆ ಮರೆತರು ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ತಿಳಿಯಬೇಕು.

ಅವರ ನಿಜನಾಮ ನಾರಾಯಣ ಶ್ರೀಪಾದ ರಾಜಹಂಸ. 1888ರ ಜೂನ್ 26ರಂದು ಜನಿಸಿದರು. ಬಾಲಕ ನಾರಾಯಣನ ಹಾಡು ಕೇಳಿ ಮೆಚ್ಚಿದ ಲೋಕಮಾನ್ಯ ತಿಲಕರು ಅವನನ್ನು ಬಾಲಗಂಧರ್ವನೆಂದು ಕರೆದರಂತೆ. ಆ ಹೆಸರೇ ಶಾಶ್ವತವಾಯಿತು. 1905ರಲ್ಲಿ ಅವರು ಕಿರ್ಲೋಸ್ಕರ ಮಂಡಳಿ ಸೇರಿ ಶಕುಂತಲೆಯ ಪಾತ್ರ ವಹಿಸಿದರು. ಆಗಿನ ಕಾಲದಲ್ಲಿ ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ರಂಗವೇರುವಂತಿರಲಿಲ್ಲ. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ನಾರಾಯಣರಾಯರ ಮಧುರ ಕಂಠ, ನಯವಾದ ನಡೆ-ನುಡಿಗಳು ಜನರನ್ನು ಮರುಳುಗೊಳಿಸಿದವು. ಗಾಯನಾಚಾರ್ಯ ಭಾಸ್ಕರಬುವಾ ಬಖಲೆಯವರಲ್ಲಿ ಅವರು ಶಾಸ್ತ್ರೋಕ್ತವಾಗಿ ಸಂಗೀತ ಕಲಿತರು.

1911ರಲ್ಲಿ 'ಮಾನಾಪಮಾನ' ನಾಟಕದ ಮೊದಲ ಪ್ರಯೋಗ. ಅದೇ ದಿನ ಅವರ ಪುಟ್ಟ ಮಗಳು ತೀರಿಕೊಂಡಳು. ಟಿಕೆಟ್ಟು ಕೊಂಡು ಬಂದ ಜನರನ್ನು ನಿರಾಶೆಗೊಳಿಸಬಾರದೆಂದು ಅವರು ದುಃಖವನ್ನು ನುಂಗಿಕೊಂಡು, ಬಣ್ಣ ಹಚ್ಚಿ, ನಾಯಕಿ ಭಾಮಿನಿಯಾಗಿ ರಂಗಕ್ಕೆ ಬಂದರು. ಪ್ರೇಕ್ಷಕರ ಮೇಲೆ ಅವರಿಗಿದ್ದ ನಿಷ್ಠೆ ಅಂಥದು.

1913ರಲ್ಲಿ ಗೋವಿಂದರಾವ್ ಟೇಂಬೆ, ಗಣಪತರಾವ್ ಬೋಡಸರೊಡನೆ ಸೇರಿ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. 1916ರ 'ಸ್ವಯಂವರ'ದಲ್ಲಿ ಅವರು ರುಕ್ಮಿಣಿಯಾದರು. 1919ರ 'ಏಕಚ ಪ್ಯಾಲಾ'ದಲ್ಲಿ ಕುಡುಕನ ಹೆಂಡತಿ ಸಿಂಧುವಾದರು. ಸುಖವಾಗಿ ಬೆಳೆದ ಸಿಂಧು ಹರಕು ಸೀರೆಯುಟ್ಟು ಬೀಸುವ ಕಲ್ಲಿನ ಮುಂದೆ ಕುಳಿತಾಗ ನಾಟಕಗೃಹವೆಲ್ಲ ಕಣ್ಣೀರಿಡುತ್ತಿತ್ತು. ಶ್ರೀಮಂತರ ಮನೆಯ ಹೆಂಗಸರು ಅವರಂತೆ ಸೀರೆ ಉಡುವುದನ್ನು, ಅವರಂತೆ ಹೆರಳಿಗೆ ಹೂ ಮುಡಿಯುವುದನ್ನು ಕಲಿತರು. 1921ರಲ್ಲಿ ತಿಲಕ ಸ್ವರಾಜ್ಯ ನಿಧಿಯ ಸಹಾಯಾರ್ಥವಾಗಿ ಮುಂಬಯಿಯಲ್ಲಿ ಅವರೂ ಕೇಶವರಾವ್ ಭೋಸಲೆಯವರೂ ಕೂಡಿ 'ಮಾನಾಪಮಾನ' ಆಡಿದ್ದು ಇಂದಿಗೂ ಪ್ರಸಿದ್ಧವಾಗಿದೆ.

ಗಳಿಸಿದ ಹಣವನ್ನು ಅವರು ಕೂಡಿಡಲಿಲ್ಲ. ರಂಗದ ಮೇಲೆ ನಿಜವಾದ ರೇಶಿಮೆ, ನಿಜವಾದ ಜರಿ, ಬೆಲೆಬಾಳುವ ಅತ್ತರು ಬೇಕು. ತಬಲಾಕ್ಕೆ ಅಹಮದಜಾನ್ ತಿರಕವಾರಂಥ ಉಸ್ತಾದರು ಬೇಕು. ಜನರಿಗೆ ಕೊಡುವುದರಲ್ಲಿ ಕೊರತೆಯಾಗಬಾರದೆಂಬ ಈ ಹಂಬಲವೇ ಮಂಡಳಿಯನ್ನು ಸಾಲದಲ್ಲಿ ಮುಳುಗಿಸಿತು. ಲೆಕ್ಕಪತ್ರದಲ್ಲಿ ಅವರಿಗೆ ಗಮನ ಕಡಿಮೆ ಎಂಬುದನ್ನೂ ಒಪ್ಪಬೇಕು.

ಅಷ್ಟರಲ್ಲಿ ಕಾಲ ಬದಲಾಯಿತು. 1931ರಲ್ಲಿ 'ಆಲಂ ಆರಾ', 1932ರಲ್ಲಿ ಮರಾಠಿಯ 'ಅಯೋಧ್ಯೇಚಾ ರಾಜಾ' ಬಂದವು. ಮಾತನಾಡುವ ಚಿತ್ರಗಳು ಊರೂರಿಗೆ ಹರಡಿದವು. ನಾಟಕಗೃಹಗಳು ಸಿನೆಮಾ ಟಾಕೀಜುಗಳಾದವು. ತೆರೆಯ ಮೇಲೂ ರಂಗದ ಮೇಲೂ ಸ್ತ್ರೀಯರೇ ಸ್ತ್ರೀಪಾತ್ರ ಮಾಡತೊಡಗಿದರು. ಅದು ನ್ಯಾಯವಾದ ಬದಲಾವಣೆಯೇ ಸರಿ. ಆದರೆ ಅದೊಂದೇ ವಿದ್ಯೆಗೆ ಜೀವನ ಮುಡಿಪಿಟ್ಟ ನಟನಿಗೆ ಬೇರೆ ದಾರಿ ಉಳಿಯಲಿಲ್ಲ. 1935ರಲ್ಲಿ ಪ್ರಭಾತ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಅವರು ಸಂತ ಏಕನಾಥರ ಪಾತ್ರ ಮಾಡಿದರು. ಎದುರಿಗೆ ಪ್ರೇಕ್ಷಕರಿಲ್ಲದ ಆ ಕೆಲಸ ಅವರಿಗೆ ಒಗ್ಗಲಿಲ್ಲ. ಮತ್ತೆ ನಾಟಕಕ್ಕೇ ಮರಳಿದರು. ಐವತ್ತು ದಾಟಿದ ಮೇಲೂ ಸೀರೆಯುಟ್ಟು ರಂಗಕ್ಕೆ ಬಂದರು. ಒಂದು ಕಾಲಕ್ಕೆ ಅವರ ಸೌಂದರ್ಯವನ್ನು ಹೊಗಳಿದವರು ಈಗ ಅವರ ವಯಸ್ಸನ್ನು ಎಣಿಸತೊಡಗಿದರು.

ಆ ಕಷ್ಟದ ದಿನಗಳಲ್ಲಿ ಅವರ ಕೈಹಿಡಿದವರು ವಿಜಾಪುರ ಸೀಮೆಯ ಗಾಯಕಿ ಗೋಹರಬಾಯಿ ಕರ್ನಾಟಕಿ. ಪ್ರಸಿದ್ಧ ಗಾಯಕಿ ಅಮೀರಬಾಯಿಯವರ ಸೋದರಿ ಇವರು. ಮೊದಲ ಪತ್ನಿ ಲಕ್ಷ್ಮೀಬಾಯಿಯವರು ತೀರಿಕೊಂಡ ಕೆಲವು ವರ್ಷಗಳ ನಂತರ, 1951ರಲ್ಲಿ, ಇಬ್ಬರೂ ವಿವಾಹವಾದರು. ಆಕೆ ಅನ್ಯಧರ್ಮದವರೆಂದು ಅನೇಕ ಅಭಿಮಾನಿಗಳು ದೂರ ಸರಿದರು. ಮುಂದೆ ಬಾಲಗಂಧರ್ವರ ಕಾಲುಗಳ ಶಕ್ತಿ ಹೋಯಿತು. ರಂಗದ ಮೇಲಿನ ಸಿಂಧುವಿನ ಬಡತನಕ್ಕೆ ಅತ್ತವರಲ್ಲಿ ಎಷ್ಟು ಜನ ಆ ನಟನ ಮನೆಯ ಬಾಗಿಲಿಗೆ ಹೋಗಿ ಕ್ಷೇಮ ವಿಚಾರಿಸಿದರು? ಆರೈಕೆ ಮಾಡುತ್ತಿದ್ದ ಗೋಹರಬಾಯಿಯವರೂ 1964ರಲ್ಲಿ ತೀರಿಕೊಂಡರು.

ಸನ್ಮಾನಗಳು ಬರಲಿಲ್ಲವೆಂದಲ್ಲ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ, 1964ರಲ್ಲಿ ಪದ್ಮಭೂಷಣ ದೊರೆತವು. 1962ರಲ್ಲಿ ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರಕ್ಕೆ ಅವರ ಕೈಯಿಂದಲೇ ಅಡಿಗಲ್ಲು ಹಾಕಿಸಿದರು. 1967ರ ಜುಲೈ 15ರಂದು ಅವರು ಪುಣೆಯಲ್ಲಿ ಕೊನೆಯುಸಿರೆಳೆದರು. ರಂಗಮಂದಿರದ ಬಾಗಿಲು ತೆರೆದದ್ದು 1968ರ ಜೂನ್ 26ರಂದು. ಅಂದು ಅವರ ಜನ್ಮದಿನ. ಹಾಡಬೇಕಾದವರು ಮಾತ್ರ ಇರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಹೊಸದು ಬಂದಾಗ ಹಳೆಯದು ಹಿಂದೆ ಸರಿಯುವುದು ಸಹಜ. ಆದರೆ ಕಲೆ ಹಳತಾಯಿತೆಂದು ಕಲಾವಿದನನ್ನು ಬಿಟ್ಟುಬಿಡುವುದು ಸಹಜವಲ್ಲ. ನಮ್ಮ ಊರುಗಳಲ್ಲೂ ಜಾತ್ರೆಯಲ್ಲಿ ಪಾರಿಜಾತ ಆಡಿದವರು, ಬಯಲಾಟದಲ್ಲಿ ವೇಷ ಕಟ್ಟಿದವರು, ಭಜನೆಗೆ ಹಾರ್ಮೋನಿಯಂ ನುಡಿಸಿದವರು ಇದ್ದಾರೆ. ಅವರಲ್ಲಿ ಮುದುಕರಾದವರು ಇಂದು ಹೇಗಿದ್ದಾರೆಂದು ಮನೆಯ ಹಿರಿಯರನ್ನು ಕೇಳಿರಿ. ಸಾಧ್ಯವಾದರೆ ಹಿರಿಯರ ಜೊತೆಗೂಡಿ ಅವರ ಮನೆಗೆ ಹೋಗಿ ಬನ್ನಿರಿ. ಬಾಲಗಂಧರ್ವರ ಸ್ಮರಣೆಗೆ ಅದಕ್ಕಿಂತ ಒಳ್ಳೆಯ ಮಾರ್ಗವಿಲ್ಲ.