ಮಳೆಗಾಗಿ ಬೇಡಿದ ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್‌ರವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನೌಲಿಮ್‌ನಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ ಮೂರು ವರ್ಷ ಕೆನರಾ ಸೀಮೆಯಲ್ಲಿ ಸೇವೆ ಮಾಡಿದರು. ಮಂಗಳೂರು ಬಳಿಯ ಮುಡಿಪು ಗುಡ್ಡದಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

ಆಗ ಶ್ರೀಲಂಕಾದ ಕರಾವಳಿ ಡಚ್ಚರ ಕೈಯಲ್ಲಿತ್ತು. ಕಥೋಲಿಕ ಗುರುಗಳು ಅಲ್ಲಿ ಕಾಲಿಡುವಂತಿರಲಿಲ್ಲ. 1687ರಲ್ಲಿ ವಾಜ್‌ರವರು ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಹೋದರು. 1692ರಲ್ಲಿ ಕ್ಯಾಂಡಿಗೆ ಬಂದಾಗ ಪೋರ್ಚುಗೀಸರ ಗೂಢಚಾರನೆಂದು ಅವರನ್ನು ಸೆರೆಗೆ ಹಾಕಿದರು.

ಮುಂದೆ ಕ್ಯಾಂಡಿಗೆ ಬರಗಾಲ ಬಂತು. ಹನಿ ಮಳೆಯಿಲ್ಲ, ಬೆಳೆ ಒಣಗಿ ಹೋಯ್ತು. ಬೌದ್ಧನಾದ ಅರಸ ಎರಡನೇ ವಿಮಲಧರ್ಮಸೂರ್ಯ ಈ ಗುರುಗಳನ್ನೇ ಪ್ರಾರ್ಥಿಸಲು ಕೇಳಿಕೊಂಡ. ತಮ್ಮನ್ನು ಸೆರೆಗೆ ಹಾಕಿದ ನಾಡಿಗಾಗಿ ಅವರು ಬಯಲಿನಲ್ಲಿ ಪೀಠವಿಟ್ಟು, ಶಿಲುಬೆ ನಿಲ್ಲಿಸಿ, ಮೊಣಕಾಲೂರಿದರು. ಮಳೆ ಧಾರಾಕಾರ ಸುರಿಯಿತು, ಪೀಠ ಮಾತ್ರ ನೆನೆಯಲಿಲ್ಲ ಎಂದು ಅವರ ಚರಿತ್ರೆ ಹೇಳುತ್ತದೆ.

ಇದು ಬೈಬಲ್ಲಿಗೆ ಹೊಸದಲ್ಲ. ನಮ್ಮಂಥ ಮನುಷ್ಯನೇ ಆದ ಎಲೀಯ ಬೇಡಿದಾಗ ಮಳೆ ಬಂತೆಂದು ನೆನಪಿಸಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕೆಂದು ಯಕೋಬನ ಪತ್ರದ 5ನೇ ಅಧ್ಯಾಯ ಕಲಿಸುತ್ತದೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಕೇಳಿಕೊಂಡವರು ಮಾತೆ ಮರಿಯಮ್ಮನವರು, ಕೊಟ್ಟವರು ಯೇಸುಸ್ವಾಮಿ. ಸ್ವರ್ಗದ ಹಿರಿಯರು ಭಕ್ತರ ಪ್ರಾರ್ಥನೆಗಳನ್ನು ಧೂಪದ ಪಾತ್ರೆಗಳಲ್ಲಿ ಹಿಡಿದುಕೊಂಡಿದ್ದುದನ್ನು ಪ್ರಕಟನಾ ಗ್ರಂಥದ 5ನೇ ಅಧ್ಯಾಯದಲ್ಲಿ ಕಾಣುತ್ತೇವೆ.

ವಾಜ್‌ರವರು 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ದೈವಾಧೀನರಾದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್‌ರವರು ಅವರನ್ನು ಸಂತ ಪದವಿಗೇರಿಸಿದರು. ಸಾವು ಅವರ ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ. ವರ ಕೊಡುವವನು ದೇವರೊಬ್ಬನೇ. ಸಂತರು ನಮ್ಮ ಜೊತೆ ಸೇರಿ ಬೇಡುವವರು.